ದಕ್ಷಿಣದ ಸೇನೆಯಲ್ಲಿ ಕಪ್ಪು ಸೈನಿಕರಿದ್ದರೇ?

ಪ್ರಶ್ನೆ: ಅಮೆರಿಕದ ಅಂತರ್ಯುದ್ಧದಲ್ಲಿ ಸಾವಿರಾರು ಕಪ್ಪು ಸೈನಿಕರು ದಕ್ಷಿಣದ ಪರವಾಗಿಯೂ ಹೋರಾಡಿದ್ದರಂತೆ. ಹಾಗಾದರೆ ದಕ್ಷಿಣದವರ ಸ್ಮಾರಕ ತೆಗೆಯುವುದು ಅವರಿಗೂ ಅವಮಾನ ಅಲ್ವಾ?

ಉತ್ತರ: ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕವಿಲ್ಲ. ಇವತ್ತು ಪೂರ್ತಿ ಹೇಳಿಬಿಡುತ್ತೇನೆ. ಗುಲಾಮಗಿರಿ ಉಳಿಸಿಕೊಳ್ಳಲು ಅಮೆರಿಕದಿಂದ ಬೇರೆಯಾಗಲು ಹೊರಟ ರಾಜ್ಯಗಳೇ ಈ 'ದಕ್ಷಿಣ', ಅವರ ವಿರುದ್ಧ ಹೋರಾಡಿದ್ದು 'ಉತ್ತರ'.

ಸಾವಿರಾರು ಜನ ಹೋರಾಡಿದರು ಅನ್ನೋದು ಸುಳ್ಳು. ಕಪ್ಪು ಜನರನ್ನು ಸೈನಿಕರಾಗಿ ಸೇರಿಸಿಕೊಳ್ಳುವ ಕಾನೂನನ್ನು ದಕ್ಷಿಣದವರು ಮಾಡಿದ್ದೇ 1865ರ ಮಾರ್ಚ್ 13ಕ್ಕೆ. ದಕ್ಷಿಣದ ಸೇನಾಪತಿ ಜನರಲ್ ಲೀ ಶರಣಾದದ್ದು ಏಪ್ರಿಲ್ 9ಕ್ಕೆ. ನೀವೇ ಎಣಿಸಿ, ಮಧ್ಯೆ ನಾಲ್ಕು ವಾರವೂ ಇಲ್ಲ. ದಕ್ಷಿಣದ ರಾಜಧಾನಿ ರಿಚ್ಮಂಡ್‌ನಲ್ಲಿ ಒಂದಷ್ಟು ಜನರಿಗೆ ಕವಾಯತು ಶುರುವಾಗಿತ್ತು, ಅಷ್ಟೇ. ಅದಕ್ಕೂ ಮೊದಲು ಈ ಮಾತು ಎದ್ದಾಗ, ದಕ್ಷಿಣದವರೇ ಆದ ಜನರಲ್ ಹಾವೆಲ್ ಕಾಬ್ ಬೇಡವೇ ಬೇಡ ಎಂದಿದ್ದರು. ಗುಲಾಮರು ಒಳ್ಳೆ ಸೈನಿಕರಾಗುತ್ತಾರೆ ಅಂತಾದರೆ, ಗುಲಾಮಗಿರಿಯ ಬಗ್ಗೆ ನಮ್ಮ ವಾದವೇ ತಪ್ಪು ಎಂದಾಗುತ್ತದೆ. ಇದು ಅವರ ಭಯ.

"ಸಮವಸ್ತ್ರ ಹಾಕಿದ ಫೋಟೋಗಳಿವೆಯಲ್ಲ?" ಇವೆ. ಸಾವಿರಾರು ಕಪ್ಪು ಜನ ಆ ಸೇನೆಯ ಜೊತೆಗಿದ್ದದ್ದೂ ನಿಜ. ಅಡುಗೆ ಮಾಡಿದರು, ಕಂದಕ ತೋಡಿದರು, ಕುದುರೆ ನೋಡಿಕೊಂಡರು. ಒಡೆಯ ಯುದ್ಧಕ್ಕೆ ಹೊರಟರೆ ಗುಲಾಮ ಹಿಂದೆ ಹೋಗಲೇಬೇಕಿತ್ತು. ಮುಂದೆ ಮಿಸಿಸಿಪ್ಪಿಯಂಥ ರಾಜ್ಯಗಳು ಇವರಲ್ಲಿ ಕೆಲವರಿಗೆ ಪಿಂಚಣಿ ಕೊಟ್ಟವು. ಆಗಲೂ ಕಾಗದದಲ್ಲಿ ಬರೆದದ್ದು 'ಸೇವಕ' ಎಂದೇ.

ವಾಷಿಂಗ್ಟನ್ ಬಳಿಯ ಆರ್ಲಿಂಗ್ಟನ್ ಸೈನಿಕ ಸ್ಮಶಾನದಲ್ಲಿ ದಕ್ಷಿಣದ ಸೈನಿಕರಿಗಾಗಿ 1914ರಲ್ಲಿ ನಿಲ್ಲಿಸಿದ ಸ್ಮಾರಕದಲ್ಲಿ ಹೀಗೆ ಒಡೆಯನ ಹಿಂದೆ ಹೋಗುವ, ಸಮವಸ್ತ್ರದ ಕಪ್ಪು ಮನುಷ್ಯನಿದ್ದಾನೆ. ಅವನನ್ನೇ ಜನ ಸಾಕ್ಷಿಯಾಗಿ ತೋರಿಸುತ್ತಾರೆ. ಅದನ್ನು 2023ರ ಡಿಸೆಂಬರ್‌ನಲ್ಲಿ ತೆಗೆದರು. ಮತ್ತೆ ನಿಲ್ಲಿಸುತ್ತೇವೆ ಎಂದು 2025ರಲ್ಲಿ ಸರ್ಕಾರ ಘೋಷಿಸಿತು. ಆ ಕಂಚಿನ ಮನುಷ್ಯ ಸೈನಿಕನಲ್ಲ, ದಯವಿಟ್ಟು ಇದೊಂದನ್ನು ನೆನಪಿಡಿ.

ಉತ್ತರದ ಸೇನೆಯಲ್ಲಿ ನಿಜವಾಗಿ ಹೋರಾಡಿದ ಸುಮಾರು 1,79,000 ಕಪ್ಪು ಸೈನಿಕರ ಬಗ್ಗೆ ಮಾತ್ರ ನನ್ನನ್ನು ಯಾರೂ ಕೇಳುವುದಿಲ್ಲ. ಅವಮಾನ ಆದದ್ದು ಇವರಿಗೆ. ಬಿಳಿ ಸೈನಿಕನಿಗೆ ತಿಂಗಳಿಗೆ 13 ಡಾಲರ್. ಇವರಿಗೆ 10, ಅದರಲ್ಲೂ ಬಟ್ಟೆಗೆಂದು 3 ಕಡಿತ. ಮ್ಯಾಸಚೂಸೆಟ್ಸ್‌ನ 54ನೇ ಪಡೆಯ ಕಪ್ಪು ಸೈನಿಕರು ಈ ಕಡಿಮೆ ಸಂಬಳವನ್ನು ಮುಟ್ಟಲೇ ಇಲ್ಲ. ಸಂಬಳವಿಲ್ಲದೆಯೇ ಹೋರಾಡಿದರು. 1863ರ ಜುಲೈನಲ್ಲಿ ದಕ್ಷಿಣದವರ ಕೋಟೆ ಫೋರ್ಟ್ ವ್ಯಾಗ್ನರ್ ಮೇಲೆ ಏರಿ ಹೋದವರು ಇವರೇ. ಅಲ್ಲಿ ಬಾವುಟ ಬೀಳದಂತೆ ಕಾಪಾಡಿದ ವಿಲಿಯಂ ಕಾರ್ನಿಗೆ ಅಮೆರಿಕದ ಅತ್ಯುನ್ನತ ಸೇನಾ ಪದಕವಾದ ಮೆಡಲ್ ಆಫ್ ಆನರ್ ಸಿಕ್ಕಿದ್ದು 1900ರಲ್ಲಿ.

ಬಾಸ್ಟನ್‌ನಲ್ಲಿ ಈ ಪಡೆಗೆ 1897ರಲ್ಲೇ ಸ್ಮಾರಕ ಆಯಿತು. ಅದರ ಮೇಲೆ ಪಡೆಯ ಮುಖ್ಯಸ್ಥನಾಗಿದ್ದ ಬಿಳಿ ಅಧಿಕಾರಿ ಕರ್ನಲ್ ಶಾ ಹೆಸರಿತ್ತು, ಮಡಿದ ಬಿಳಿ ಅಧಿಕಾರಿಗಳ ಹೆಸರಿತ್ತು. ಮಡಿದ ಕಪ್ಪು ಸೈನಿಕರ ಹೆಸರುಗಳನ್ನು ಕೆತ್ತಿದ್ದು 1980ರ ದಶಕದಲ್ಲಿ.