ಮೈನಸ್ 30ರ ಊರಿಗೆ ಹೊರಟವರ ಲೆಕ್ಕ

ಮುಂಬಯಿಯಲ್ಲಿ ಜನವರಿಯ ಒಂದು ಬೆಳಿಗ್ಗೆ 15 ಡಿಗ್ರಿ ಆದರೆ ಸಾಕು, ಲೋಕಲ್ ಟ್ರೇನಿನಲ್ಲಿ ಎಲ್ಲರ ಕಿವಿಗೂ ಮಫ್ಲರ್. ಇಂಥ ಊರಿನವರು ನನ್ನ ಡೊಂಬಿವಲಿ ಆಫೀಸಿಗೆ ಬಂದು, "ಮೈನಸ್ 30 ಇರುವ ಊರಿಗೆ ಹೋಗ್ತಾ ಇದ್ದೇನೆ, ಟ್ಯಾಕ್ಸ್ ಎಂತ ಕತೆ ಸರ್?" ಎಂದು ಕೇಳುತ್ತಾರೆ.

ನಾನು ಚಾರ್ಟರ್ಡ್ ಅಕೌಂಟೆಂಟ್. ಕಕ್ಷಿದಾರರಲ್ಲಿ ಹೆಚ್ಚಿನವರು ನಮ್ಮ ಕರಾವಳಿಯವರೇ. ಹೋಟೆಲಿನವರು, ಬ್ಯಾಂಕಿನಿಂದ ನಿವೃತ್ತರಾದವರು, ಅವರ ಮಕ್ಕಳು. ಮೊದಲೆಲ್ಲ ಫಾರಿನ್ ಅಂದರೆ ದುಬೈ, ಮಸ್ಕತ್. ಆಮೇಲೆ ಟೊರೊಂಟೊ, ಲಂಡನ್ ಬಂದವು. ಈಗ ಬರುವ ಹೆಸರುಗಳನ್ನು ನಾನು ಮ್ಯಾಪಿನಲ್ಲಿ ಹುಡುಕಬೇಕು. ಕೆನಡಾದ ಥಾಂಪ್ಸನ್, ಯೆಲ್ಲೋನೈಫ್, ನಾರ್ವೆಯ ಟ್ರೊಮ್ಸೊ. "ಇವನಿಗೆ ತಲೆ ಸರಿ ಉಂಟಾ?" ಎಂದು ಮನೆಯವರು ನನ್ನನ್ನು ಕೇಳುತ್ತಾರೆ. ತಲೆ ಸರಿಯಾಗಿಯೇ ಇರುತ್ತದೆ. ಆಫರ್ ಲೆಟರ್, ಗೃಹಸಾಲದ ಸ್ಟೇಟ್‌ಮೆಂಟ್, ಬಾಡಿಗೆ ಕರಾರು, ಈ ಮೂರನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಕಾರಣ ತಾನಾಗಿ ಗೊತ್ತಾಗುತ್ತದೆ.

ಹಿಮ ನೋಡಬೇಕು, ಉತ್ತರದ ಆಕಾಶದ ಹಸಿರು ಬೆಳಕು ನೋಡಬೇಕು ಎನ್ನುವವರೂ ಇದ್ದಾರೆ. ಅವರಿಗೆ ಟೂರ್ ಪ್ಯಾಕೇಜ್ ಸಾಕು. ಮನೆ ಖಾಲಿ ಮಾಡಿ ಹೋಗುವವರ ವಿಷಯ ಬೇರೆ. ಚಳಿ ಬೇಕು ಎಂದು ಹೋದವರು ನನಗೆ ಒಬ್ಬರೂ ಸಿಕ್ಕಿಲ್ಲ. ಚಳಿ ಇರುವ ಕಡೆ ಕ್ಯೂ ಚಿಕ್ಕದು. ಅದಕ್ಕೇ ಹೋಗುತ್ತಾರೆ.

ಕೆನಡಾವನ್ನೇ ನೋಡಿ. ಅಲ್ಲಿನ ಕಾಯಂ ವಾಸಕ್ಕೆ ಮಾಮೂಲಿ ದಾರಿ ಅಂಕಗಳ ಪಟ್ಟಿ. ವಯಸ್ಸು, ಓದು, ಇಂಗ್ಲಿಷ್, ಅನುಭವ ಎಲ್ಲಕ್ಕೂ ಅಂಕ. ಮೂವತ್ತೆಂಟರ ಅಡುಗೆಯವನೊಬ್ಬ ಆ ಪಟ್ಟಿಯಲ್ಲಿ ಮೇಲೆ ಬರುವುದು ಕಷ್ಟ. ಆದರೆ 2019ರಲ್ಲಿ ಆ ದೇಶ ಹಳ್ಳಿಗಾಡಿನ ಮತ್ತು ಉತ್ತರದ ಊರುಗಳಿಗಾಗಿ ಪ್ರಾಯೋಗಿಕವಾಗಿ ಒಂದು ಬೇರೆ ಯೋಜನೆ ತಂದಿತು. ಮ್ಯಾನಿಟೋಬಾದ ಥಾಂಪ್ಸನ್, ಒಂಟಾರಿಯೊದ ಟಿಮ್ಮಿನ್ಸ್, ಥಂಡರ್ ಬೇ ಎಲ್ಲ ಅದರಲ್ಲಿದ್ದವು. ಊರಿನ ಮಾಲೀಕನೊಬ್ಬ ಕೆಲಸ ಕೊಡಬೇಕು, ಊರಿನ ಸಮಿತಿ ಶಿಫಾರಸು ಮಾಡಬೇಕು, ಆಮೇಲೆ ಕಾಯಂ ವಾಸಕ್ಕೆ ಅರ್ಜಿ. 2025ರ ಜನವರಿಯಲ್ಲಿ ಅಂಥದ್ದೇ ಇನ್ನೊಂದು ಯೋಜನೆ ಶುರುವಾಯಿತು. ಟೊರೊಂಟೊದಲ್ಲಿ ಯಾರೂ ಕೇಳದ ಅಡುಗೆಯವನನ್ನು ಇಂಥ ಊರು "ನಮಗೆ ಬೇಕು" ಎಂದು ಬರೆದು ಕೊಡುತ್ತದೆ.

ಬೈಂದೂರು ಕಡೆಯ ಒಬ್ಬರು ಹೀಗೇ ಹೋದವರು. ಮುಲುಂಡಿನ ಹೋಟೆಲಿನಲ್ಲಿ ಭಟ್ಟಿಯ ಮುಂದೆ ವರ್ಷಗಟ್ಟಲೆ ನಿಂತವರು. "ಅಲ್ಲಿ ಕಾರಿಗೂ ರಾತ್ರಿ ಕರೆಂಟಿನ ವಯರ್ ಸಿಕ್ಕಿಸಬೇಕು ಮಾರಾಯ್ರೆ, ಇಲ್ಲದಿದ್ರೆ ಬೆಳಿಗ್ಗೆ ಇಂಜಿನ್ ಹತ್ತೂದಿಲ್ಲ" ಎಂದು ಫೋನಿನಲ್ಲಿ ನಗುತ್ತಾರೆ. ನಿಜವೇ. ಇಂಜಿನ್ ಬೆಚ್ಚಗಿಡುವ ಹೀಟರ್ ಅದು. ಥಾಂಪ್ಸನ್ನಿನ ಚಳಿಯಲ್ಲಿ ವಾಹನ ಕಂಪನಿಗಳು, ವಿಮಾನದ ಇಂಜಿನ್ ಕಂಪನಿಗಳು ತಮ್ಮ ಯಂತ್ರ ಪರೀಕ್ಷೆ ಮಾಡುವುದೂ ಉಂಟು. ಯಂತ್ರ ಪರೀಕ್ಷೆಗೆಂದು ಹುಡುಕಿಕೊಂಡು ಹೋಗುವಷ್ಟು ಚಳಿ ಇರುವ ಊರಿನಲ್ಲಿ ಈ ಮನುಷ್ಯ ದೋಸೆ ಹಿಟ್ಟು ಹುದುಗು ಬರಿಸಲು ಒಲೆಯ ಪಕ್ಕ ಜಾಗ ಹುಡುಕುತ್ತಾ ಇರುತ್ತಾರೆ.

ಇಲ್ಲೊಂದು ಎಚ್ಚರಿಕೆ ಹೇಳಿಯೇ ಮುಂದೆ ಹೋಗುತ್ತೇನೆ. ಕ್ಯೂ ಚಿಕ್ಕದು ಎಂದು ಗೊತ್ತಾದ ಕೂಡಲೇ ದಲ್ಲಾಳಿಗಳು ಹುಟ್ಟಿಕೊಳ್ಳುತ್ತಾರೆ. "ಜಾಬ್ ಲೆಟರ್ ಕೊಡಿಸ್ತೇನೆ, ಹದಿನೈದು ಲಕ್ಷ" ಎನ್ನುತ್ತಾರೆ. ನಮ್ಮ ದೇಶದಲ್ಲಿ ವಿದೇಶಕ್ಕೆ ಕೆಲಸಗಾರರನ್ನು ಕಳಿಸುವ ಏಜೆಂಟ್ 1983ರ ವಲಸೆ ಕಾಯ್ದೆಯಡಿ ನೋಂದಾಯಿಸಿಕೊಂಡಿರಬೇಕು. ಅವನು ಕೆಲಸಗಾರನಿಂದ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕದ ಮಿತಿ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ಅದಕ್ಕಿಂತ ಜಾಸ್ತಿ ಕೇಳಿದವನ ಜೊತೆ ಚಹಾ ಕುಡಿದು ಎದ್ದು ಬನ್ನಿ.

ಇನ್ನು ಸ್ವಾಲ್‌ಬಾರ್ಡ್. ನಾರ್ವೆಗೂ ಉತ್ತರಕ್ಕೆ, 78 ಡಿಗ್ರಿ ಅಕ್ಷಾಂಶದ ಆಸುಪಾಸಿನ ದ್ವೀಪಗಳು. ಮುಖ್ಯ ಊರು ಲಾಂಗಿಯರ್‌ಬಿಯೆನ್, ಜನಸಂಖ್ಯೆ ಎರಡೂವರೆ ಸಾವಿರದ ಹತ್ತಿರ. ಅಲ್ಲಿ ವಾಸಕ್ಕೂ ಕೆಲಸಕ್ಕೂ ವೀಸಾ ಬೇಡ ಎನ್ನುವ ವಿಡಿಯೋ ವಾಟ್ಸಾಪಿನಲ್ಲಿ ಸುತ್ತುತ್ತಲೇ ಇರುತ್ತದೆ. ಆ ಮಾತು ಸುಳ್ಳಲ್ಲ. 1920ರ ಸ್ವಾಲ್‌ಬಾರ್ಡ್ ಒಪ್ಪಂದಕ್ಕೆ ಆಗಿನ ಬ್ರಿಟಿಷ್ ಇಂಡಿಯಾದ ಪರವಾಗಿಯೂ ಸಹಿ ಬಿದ್ದಿತ್ತು. 2008ರಿಂದ ನಮ್ಮ ದೇಶದ ಹಿಮಾದ್ರಿ ಸಂಶೋಧನಾ ಕೇಂದ್ರವೂ ಆ ದ್ವೀಪದಲ್ಲೇ ಇದೆ. ಸಂಬಳದ ಮೇಲೆ ಆದಾಯ ತೆರಿಗೆ ಬಹುಪಾಲು ಜನರಿಗೆ ಶೇ. 8, ಅದರ ಮೇಲೆ ಸಾಮಾಜಿಕ ವಿಮೆಗೆ ಹೆಚ್ಚುಕಡಿಮೆ ಅಷ್ಟೇ. ಮಾರಾಟ ತೆರಿಗೆ ಇಲ್ಲ.

ಆದರೆ ವಿಡಿಯೋದಲ್ಲಿ ಹೇಳದ ಮಾತು ಬಹಳ ಇವೆ. ವಿಮಾನ ಬದಲಿಸುವುದು ನಾರ್ವೆಯಲ್ಲಿ, ಹಾಗಾಗಿ ಯುರೋಪಿನ ಹಲವು ದೇಶಗಳಿಗೆ ಸೇರಿ ಒಂದೇ ಆಗಿರುವ ಷೆಂಗನ್ ವೀಸಾ ಬೇಕೇ ಬೇಕು. ಅದೂ ಎರಡು ಸಲ ಒಳಬರಲು ಅವಕಾಶ ಇರುವಂಥದ್ದು, ಇಲ್ಲದಿದ್ದರೆ ವಾಪಸ್ ಬರುವಾಗ ಫಜೀತಿ. ಮನೆ ಹೆಚ್ಚಾಗಿ ಕೆಲಸದ ಜೊತೆಗೆ ಬರುತ್ತದೆ. ಕೆಲಸ ಹೋದರೆ ಮನೆಯೂ ಹೋಯಿತು. ನಿಮ್ಮ ಖರ್ಚು ನೀವೇ ನೋಡಿಕೊಳ್ಳಬೇಕು, ಆಗದಿದ್ದರೆ ಗವರ್ನರ್ ನಿಮ್ಮನ್ನು ದ್ವೀಪದಿಂದ ಹೊರಗೆ ಕಳಿಸಬಹುದು. ಅಲ್ಲಿ ಕಳೆದ ವರ್ಷಗಳು ನಾರ್ವೆಯ ಕಾಯಂ ವಾಸದ ಲೆಕ್ಕಕ್ಕೆ ಸೇರುವುದಿಲ್ಲ. ಹೆರಿಗೆಗೆ ಕೆಲವು ವಾರ ಮೊದಲೇ ನಾರ್ವೆಯ ಮುಖ್ಯ ಭೂಮಿಗೆ ಹೋಗಬೇಕು. ವಯಸ್ಸಾದವರನ್ನು ನೋಡಿಕೊಳ್ಳುವ ವ್ಯವಸ್ಥೆ ಇಲ್ಲ. ಅಂದರೆ ಗಟ್ಟಿಮುಟ್ಟಾಗಿ ದುಡಿಯುವ ವಯಸ್ಸಿನವರಿಗೆ ಮಾತ್ರ ಆ ಊರು. ಕೆಲವರಿಗೆ ಅದೇ ಬೇಕಾಗಿರುತ್ತದೆ. ನಾಲ್ಕು ವರ್ಷ ದುಡಿಯುವುದು, ಉಳಿಸುವುದು, ಹೊರಡುವುದು.

ಸರ್ಕಾರಗಳು ಇಂಥ ಕಡೆ ತೆರಿಗೆ ಯಾಕೆ ಬಿಡುತ್ತವೆ? ಇದು ನನ್ನ ಇಷ್ಟದ ವಿಷಯ, ಸ್ವಲ್ಪ ಸಹಿಸಿಕೊಳ್ಳಿ. ನಾರ್ವೆಯ ತುತ್ತತುದಿಯಲ್ಲಿ ಫಿನ್‌ಮಾರ್ಕ್ ಎಂಬ ಸೀಮೆ ಇದೆ. ರಷ್ಯಾದ ಗಡಿ ಅದಕ್ಕೆ ಅಂಟಿಕೊಂಡಿದೆ. 1944ರಲ್ಲಿ ಜರ್ಮನ್ ಸೇನೆ ಹಿಂದೆ ಸರಿಯುವಾಗ ಆ ಸೀಮೆಯ ಊರುಗಳನ್ನು ಸುಟ್ಟು ಹೋಯಿತು. ಜನ ವಾಪಸ್ ಬಂದು ಮತ್ತೆ ಕಟ್ಟಿದರು. ಆದರೆ ಎಳೆಯರು ದಕ್ಷಿಣದ ಪಟ್ಟಣಗಳಿಗೆ ಹೋಗುತ್ತಲೇ ಇದ್ದರು. ಅದಕ್ಕೆ 1990ರಲ್ಲಿ ಸರ್ಕಾರ ಫಿನ್‌ಮಾರ್ಕ್ ಮತ್ತು ಪಕ್ಕದ ಉತ್ತರ ಟ್ರೊಮ್ಸ್‌ಗೆ ವಿಶೇಷ ವಲಯ ಮಾಡಿತು. ಉಳಿದ ನಾರ್ವೆಯಲ್ಲಿ ಸಾಮಾನ್ಯ ಆದಾಯ ತೆರಿಗೆ ಶೇ. 22, ಅಲ್ಲಿ ಶೇ. 18.5. ಓದಿಗೆ ತೆಗೆದ ಸಾಲದಲ್ಲಿ ವರ್ಷಕ್ಕೆ ಶೇ. 10ರಷ್ಟು, ಒಂದು ಮಿತಿಯೊಳಗೆ, ಮನ್ನಾ. 2023ರಿಂದ ಶಿಶುವಿಹಾರವೂ ಉಚಿತ.

ಅಲಾಸ್ಕಾದಲ್ಲಿ ಎಣ್ಣೆಯ ದುಡ್ಡಿನ ನಿಧಿಯಿಂದ 1982ರಿಂದ ನಿವಾಸಿಗಳಿಗೆ ಪ್ರತಿವರ್ಷ ಪಾಲು ಹಂಚುತ್ತಾರೆ. ಮಕ್ಕಳಿಗೂ ಉಂಟು. ಮೊದಲ ವರ್ಷ ತಲೆಗೆ 1,000 ಡಾಲರ್ ಕೊಟ್ಟಿದ್ದರು. ಆದರೆ ಹಿಂದಿನ ಇಡೀ ವರ್ಷ ಅಲ್ಲಿನ ನಿವಾಸಿಯಾಗಿರಬೇಕು, ತಾತ್ಕಾಲಿಕ ವೀಸಾದಲ್ಲಿ ಹೋದವರಿಗೆ ಸಿಗುವುದಿಲ್ಲ. ಯೆಲ್ಲೋನೈಫಿನಂಥ ಉತ್ತರದ ಊರುಗಳಲ್ಲಿ ಕನಿಷ್ಠ ಆರು ತಿಂಗಳು ಬಿಡದೆ ವಾಸ ಮಾಡಿದರೆ ಕೆನಡಾ ಸರ್ಕಾರ ತೆರಿಗೆ ಲೆಕ್ಕ ಹಾಕುವಾಗ ಆದಾಯದಿಂದ ದಿನಕ್ಕೆ 22 ಡಾಲರ್‌ವರೆಗೆ ಕಳೆಯಲು ಬಿಡುತ್ತದೆ.

ಇದು ದಾನ ಅಲ್ಲ. ಗಡಿಯ ಹತ್ತಿರ, ಗಣಿಯ ಹತ್ತಿರ ದೀಪ ಉರಿಯುವ ಮನೆಗಳು ಇರಬೇಕು ಎನ್ನುವುದು ಸರ್ಕಾರದ ಆಸೆ. ಖಾಲಿ ನೆಲವನ್ನು ನಮ್ಮದು ಎಂದು ಸಾಧಿಸುವುದು ಕಷ್ಟ. ಈ ಆಸೆಗೆ ಕರಾಳ ಮುಖವೂ ಇದೆ. 1953 ಮತ್ತು 1955ರಲ್ಲಿ ಕೆನಡಾ ಸರ್ಕಾರ ಅಲ್ಲಿನ ಮೂಲನಿವಾಸಿಗಳಾದ ಇನುಇಟ್ ಕುಟುಂಬಗಳನ್ನು ಇನ್ನೂ ಉತ್ತರಕ್ಕೆ, ರೆಸೊಲ್ಯೂಟ್ ಮತ್ತು ಗ್ರೀಸ್ ಫಿಯರ್ಡ್‌ಗೆ ಸಾಗಿಸಿತು. ಒಳ್ಳೆಯ ಬೇಟೆ ಸಿಗುತ್ತದೆ ಎಂದು ನಂಬಿಸಿ ಕರೆದೊಯ್ದಿದ್ದರು. ಅವರು ಪಟ್ಟ ಪಾಡಿಗೆ ಸರ್ಕಾರ ಕ್ಷಮೆ ಕೇಳಿದ್ದು 2010ರಲ್ಲಿ. ಆಗ ನಂಬಿಸಿ ಮಾಡಿದ್ದನ್ನು ಈಗ ತೆರಿಗೆ ರಿಯಾಯಿತಿ ಕೊಟ್ಟು, ಫಾರ್ಮ್ ತುಂಬಿಸಿ ಮಾಡುತ್ತಾರೆ.

ಹಾಗಾದರೆ ಲಾಭ ಎಷ್ಟು? ಎಲ್ಲರೂ ಮೊದಲು ಮಾಡುವ ಕೆಲಸ ಡಾಲರನ್ನೋ ನಾರ್ವೆಯ ಕ್ರೋನನ್ನೋ ರೂಪಾಯಿಗೆ ಗುಣಿಸುವುದು. ಗುಣಿಸಿ ಖುಷಿ ಪಡುವುದು. ನಾನು ಕೇಳುವುದು ಒಂದೇ, ಟೊಮೆಟೊ ಅಲ್ಲಿಗೆ ಹೇಗೆ ಬರುತ್ತದೆ? ಕೆನಡಾದ ನೂನಾವುಟ್‌ನಲ್ಲಿ 25 ಊರುಗಳಿವೆ, ಒಂದರಿಂದ ಇನ್ನೊಂದಕ್ಕೆ ರಸ್ತೆ ಇಲ್ಲ. ಬೇಸಿಗೆಯಲ್ಲಿ ಹಡಗು, ಉಳಿದಂತೆ ವಿಮಾನ. ಸರ್ಕಾರ ಸಬ್ಸಿಡಿ ಕೊಟ್ಟರೂ ಹಣ್ಣು, ತರಕಾರಿ ಮುಟ್ಟಿದರೆ ಕೈ ಸುಡುತ್ತದೆ. ಆದರೂ ಹಣ ಉಳಿಯುವುದು ಹೌದು. ಕಾರಣ ಸಂಬಳ ಮಾತ್ರ ಅಲ್ಲ. ಮಾಲೀಕನೇ ಮನೆ ಕೊಟ್ಟಿದ್ದರೆ ಬಾಡಿಗೆಯ ತಲೆನೋವು ಇಲ್ಲ, ಖರ್ಚು ಮಾಡಲು ಮಾಲ್ ಇಲ್ಲ, ತಿಂಗಳಿಗೆ ಮೂರು ಮದುವೆ, ಎರಡು ಗೃಹಪ್ರವೇಶ ಇಲ್ಲ. ನಮ್ಮ ಜನರ ಉಳಿತಾಯ ಕರಗುವುದು ಉಡುಗೊರೆ ಲಕೋಟೆಯಲ್ಲಿ ಎಂಬುದು ನನ್ನ ಬಹಳ ದಿನಗಳ ಅನುಮಾನ.

ದುಡ್ಡಿನ ಕಾರಣ ಕಾಗದದಲ್ಲಿ ಕಾಣುತ್ತದೆ. ಕಾಣದ ಕಾರಣ ಇನ್ನೊಂದಿದೆ, ನನಗೆ ಅದೇ ದೊಡ್ಡದು ಅನ್ನಿಸುತ್ತದೆ. ಮುಂಬಯಿಯಲ್ಲಿ ಹುಟ್ಟಿ ಬೆಳೆದ ಮೂವತ್ತರ ಹುಡುಗನನ್ನು ಯೋಚಿಸಿ. ಡೊಂಬಿವಲಿಯಿಂದ ಫಾಸ್ಟ್ ಲೋಕಲ್ ಹತ್ತಿ ಒಂದು ಕಾಲಿನಲ್ಲಿ ನಿಂತು ಹೋಗಿ ಬರುತ್ತಾನೆ. ಹನ್ನೊಂದು ತಿಂಗಳ ಲೀವ್ ಅಂಡ್ ಲೈಸೆನ್ಸ್ ಕರಾರು, ಪ್ರತಿ ಸಲ ಹೊಸ ಡಿಪಾಸಿಟ್, ಬ್ರೋಕರ್‌ಗೆ ಒಂದು ತಿಂಗಳ ಬಾಡಿಗೆ. ಆಫೀಸಿನಲ್ಲಿ ಅವನು ಬಿಟ್ಟರೆ ಆ ಕುರ್ಚಿಗೆ ಮಾರನೇ ದಿನ ಇನ್ನೊಬ್ಬ. ಅದೇ ಹುಡುಗ ಮೂರು ಸಾವಿರ ಜನರ ಊರಿಗೆ ಹೋದ ಎಂದಿಟ್ಟುಕೊಳ್ಳಿ. ಅಲ್ಲಿ ನರ್ಸ್ ಒಬ್ಬಳು ರಜೆ ಹಾಕಿದರೆ ಇಡೀ ಊರಿಗೆ ಗೊತ್ತಾಗುತ್ತದೆ. ಒಬ್ಬನೇ ಬೆಳಿಗ್ಗೆ ಅಂಗಡಿ ನೋಡಿ, ಸಂಜೆ ಮಕ್ಕಳಿಗೆ ಕ್ರಿಕೆಟೋ ಫುಟ್‌ಬಾಲೋ ಹೇಳಿಕೊಟ್ಟು, ರಾತ್ರಿ ಅಗ್ನಿಶಾಮಕ ದಳದ ಸ್ವಯಂಸೇವಕ. ವಸಯಿಯಿಂದ ಹೋದ ನರ್ಸ್ ಒಬ್ಬರು ನನಗೆ ಹೇಳಿದ್ದು ಇಷ್ಟೇ: "ಅಂಗಡಿಗೆ ಹೋದ್ರೆ ಹೆಸರು ಹಿಡಿದು ಕರೀತಾರೆ ಸರ್." ಸಂಬಳದ ಮಾತು ಅವರು ಎತ್ತಲೇ ಇಲ್ಲ.

ಇದರ ಜೊತೆ ಇನ್ನೊಂದು ಸೇರಿಕೊಳ್ಳುತ್ತದೆ: ಮೊದಲೇ ಹೋದ ನಮ್ಮವರು. ಲಾಂಗಿಯರ್‌ಬಿಯೆನ್‌ನಲ್ಲಿ ನಾರ್ವೆಯವರನ್ನು ಬಿಟ್ಟರೆ ಎದ್ದು ಕಾಣುವವರು ಥಾಯ್ಲೆಂಡಿನವರು, ಫಿಲಿಪ್ಪೀನ್ಸಿನವರು. ಉಷ್ಣ ದೇಶದವರಿಗೆ ಧ್ರುವದ ಹತ್ತಿರ ಏನು ಕೆಲಸ ಎಂದು ಕೇಳಬಹುದು. ಗಣಿಯ ಕಾಲದಲ್ಲಿ ಅಲ್ಲಿನವರನ್ನು ಮದುವೆಯಾಗಿ ಕೆಲವು ಥಾಯ್ ಹೆಂಗಸರು ಬಂದರು. ಅವರ ಹಿಂದೆ ತಂಗಿ, ತಂಗಿಯ ಗೆಳತಿ, ಗೆಳತಿಯ ಗಂಡ. ಮುಂಬಯಿ ಕನ್ನಡಿಗರಿಗೆ ಇದು ಹೊಸ ಕತೆಯಲ್ಲ. ಕೋಟೆ ಪ್ರದೇಶದ ಹೋಟೆಲಿಗೆ ಬಂದ ಕುಂದಾಪುರದ ಹುಡುಗರು ಮುಂಬಯಿಯ ಹವಾ ನೋಡಿ ಬಂದವರಲ್ಲ. ಅಲ್ಲಿ ಮಾವ ಇದ್ದ, ಮಲಗಲು ಹೋಟೆಲಿನ ಬೆಂಚು ಇತ್ತು, ಓದಲು ಕನ್ನಡದ ರಾತ್ರಿ ಶಾಲೆ ಇತ್ತು. ಮೊದಲು ಹೋದವನಿಗೆ ಧೈರ್ಯ ಬೇಕು, ಹತ್ತನೆಯವನಿಗೆ ಫೋನ್ ನಂಬರ್ ಸಾಕು.

ಈಗ ಅಡಚಣೆಯ ಮಾತು. ಜನ ಚಳಿಗೆ ಹೆದರುತ್ತಾರೆ, ಹೆದರಬೇಕಾದದ್ದು ಕತ್ತಲೆಗೆ. ಚಳಿಗೆ ಜಾಕೆಟ್ ಉಂಟು, ಮನೆಯೊಳಗೆ ಹೀಟರ್ ಉಂಟು. ಲಾಂಗಿಯರ್‌ಬಿಯೆನ್‌ನಲ್ಲಿ ಅಕ್ಟೋಬರ್ ಕೊನೆಗೆ ಮುಳುಗಿದ ಸೂರ್ಯ ಫೆಬ್ರವರಿ ನಡುವಿನವರೆಗೆ ಮೇಲೇಳುವುದಿಲ್ಲ. ಸುತ್ತ ಬೆಟ್ಟ ಇರುವುದರಿಂದ ಊರೊಳಗೆ ಬಿಸಿಲು ಬೀಳುವುದು ಮಾರ್ಚ್ 8ರ ಹೊತ್ತಿಗೆ. ಆ ದಿನ ಊರಿಗೆ ಊರೇ ಹಬ್ಬ ಮಾಡುತ್ತದೆ. ನಿದ್ದೆ ಕೆಡುವುದು, ಮನಸ್ಸು ಮಂಕಾಗುವುದು ಅಲ್ಲಿ ಮಾಮೂಲು. ಮೊದಲೇ ಖಿನ್ನತೆಗೆ ಔಷಧ ತೆಗೆದುಕೊಳ್ಳುತ್ತಿರುವವರು ನನ್ನ ಹತ್ತಿರ ಬರುವ ಮೊದಲು ತಮ್ಮ ಡಾಕ್ಟರ ಹತ್ತಿರ ಹೋಗಲಿ.

ಅದಕ್ಕಿಂತ ದೊಡ್ಡ ಅಡಚಣೆ ಮನೆಯೊಳಗೇ ಇದೆ. ಗಂಡನಿಗೆ ಆಫರ್ ಬಂದಿರುತ್ತದೆ, ಹೆಂಡತಿ ಥಾಣೆಯ ಬ್ಯಾಂಕಿನಲ್ಲಿ ಅಧಿಕಾರಿ. ಅಲ್ಲಿ ಅವರಿಗೆ ಏನು ಕೆಲಸ? ಗಂಡಸರು ಈ ಪ್ರಶ್ನೆಗೆ "ನೋಡುವಾ" ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಇಬ್ಬರ ಆದಾಯ ಒಬ್ಬರದಾಗುತ್ತದೆ, ಡೊಂಬಿವಲಿ ಫ್ಲ್ಯಾಟಿನ ಇಎಂಐ ಹಾಗೇ ಇರುತ್ತದೆ, ಊರಿನಲ್ಲಿ ಅಪ್ಪ ಅಮ್ಮನ ಔಷಧದ ಖರ್ಚು ಏರುತ್ತಲೇ ಹೋಗುತ್ತದೆ. ಬೇಗ ವಾಪಸ್ ಬಂದವರಲ್ಲಿ ನಾನು ಕಂಡ ಹೆಚ್ಚಿನವರು ಚಳಿ ತಡೆಯದೆ ಬಂದವರಲ್ಲ, ಹೆಂಡತಿ ದಿನವಿಡೀ ಮನೆಯಲ್ಲಿ ಒಬ್ಬರೇ ಕೂತು ಸಾಕಾಗಿ ಬಂದವರು.

ಹಲವು ವರ್ಷ ಇದ್ದು ವಾಪಸ್ ಬರುವವರಿಗೆ ನಮ್ಮ ಕಾಯ್ದೆಯಲ್ಲಿ ಒಂದು ಅನುಕೂಲ ಇದೆ. ಹಿಂದಿನ 10 ವರ್ಷಗಳಲ್ಲಿ 9 ವರ್ಷ ಅನಿವಾಸಿಯಾಗಿದ್ದರೆ, ಅಥವಾ ಹಿಂದಿನ 7 ವರ್ಷಗಳಲ್ಲಿ ಇಲ್ಲಿದ್ದದ್ದು 729 ದಿನ ಮೀರದಿದ್ದರೆ, ಬಂದ ಮೇಲೆ ಸ್ವಲ್ಪ ಕಾಲ ವಿದೇಶದ ಆದಾಯಕ್ಕೆ ಸಾಮಾನ್ಯವಾಗಿ ಇಲ್ಲಿ ತೆರಿಗೆ ಬೀಳುವುದಿಲ್ಲ. ಅಲ್ಲಿನ ಖಾತೆ ಮುಚ್ಚಿ ಹಣ ತರಲು ಆ ಸಮಯ ಬಳಸಿಕೊಳ್ಳಬಹುದು.

ಹೋಗುವಾಗಿನ ಲೆಕ್ಕ ಸುಲಭ. ಉದ್ಯೋಗಕ್ಕೆ ಹೊರಡುವ ಭಾರತೀಯ ಆ ಹಣಕಾಸು ವರ್ಷದಲ್ಲಿ ಇಲ್ಲಿ 182 ದಿನ ತುಂಬುವ ಮೊದಲೇ ಹೊರಟರೆ ಅನಿವಾಸಿ, ಅಲ್ಲಿ ದುಡಿದ ಸಂಬಳಕ್ಕೆ ಸಾಮಾನ್ಯವಾಗಿ ಇಲ್ಲಿ ತೆರಿಗೆ ಇಲ್ಲ. ಅಂದರೆ ಏಪ್ರಿಲ್ 1ರಿಂದ ಇಲ್ಲೇ ಇದ್ದವರು ಸೆಪ್ಟೆಂಬರ್ 28ರೊಳಗೆ ವಿಮಾನ ಹತ್ತಬೇಕು. ಇದು ಗೊತ್ತಾದವರು ಸೆಪ್ಟೆಂಬರ್ ಕೊನೆಯ ವಾರದ ಟಿಕೆಟ್ ತೆಗೆದುಕೊಂಡು ಬರುತ್ತಾರೆ, ಗಣಪತಿ ಹಬ್ಬ ಮುಗಿಸಿಕೊಂಡು ಹೋಗಬಹುದಲ್ವಾ ಎಂದು. ತೆರಿಗೆಗೆ ಅದು ಸರಿ. ಆದರೆ ಹೋಗಿ ಇಳಿದ ತಿಂಗಳಲ್ಲೇ ಅಲ್ಲಿ ಕತ್ತಲೆ, ಹಿಮ ಎರಡೂ ಶುರು. ಏಪ್ರಿಲ್‌ನಲ್ಲಿ ಹೋದರೂ ತೆರಿಗೆ ಲಾಭ ಅಷ್ಟೇ. ಜೊತೆಗೆ ಹಗಲು ಉದ್ದವಾಗುವ ಕಾಲ, ಊರು ಪರಿಚಯ ಆಗುತ್ತದೆ, ಕಾರು ಕಲಿಯಬಹುದು. ಮಾಲೀಕ ಒಪ್ಪಿದರೆ ಏಪ್ರಿಲ್ ಟಿಕೆಟ್ಟೇ ತೆಗೆಯಿರಿ. ಹೊರಡುವ ಮೊದಲು ಬ್ಯಾಂಕಿಗೆ ಹೋಗಿ ಉಳಿತಾಯ ಖಾತೆಯನ್ನು ಎನ್‌ಆರ್‌ಓ, ಅಂದರೆ ಅನಿವಾಸಿಗಳ ಖಾತೆ, ಮಾಡಿಸಲು ಕೇಳಿ, ಫ್ಲ್ಯಾಟಿನ ಕೆಲಸಕ್ಕೆ ಹೆಂಡತಿಗೋ ತಮ್ಮನಿಗೋ ಪವರ್ ಆಫ್ ಅಟಾರ್ನಿ ಮಾಡಿಸಿ.