ನಕ್ಷೆಯನ್ನು ಎಷ್ಟು ನಂಬಬೇಕು?

ಪ್ರೋಟೀನ್ ಹರಳಿನ ಮೇಲೆ ಎಕ್ಸ್-ರೇ ಬಿಟ್ಟರೆ ಅಣುವಿನ ಫೋಟೊ ಸಿಗುವುದಿಲ್ಲ. ಚದುರಿದ ಚುಕ್ಕೆಗಳು ಸಿಗುತ್ತವೆ. ಅವುಗಳಿಂದ ಲೆಕ್ಕ ಹಾಕಿ ಎಲೆಕ್ಟ್ರಾನ್ ಸಾಂದ್ರತೆಯ ನಕ್ಷೆ ತಯಾರಿಸಿ, ಅದರೊಳಗೆ ಪರಮಾಣುಗಳನ್ನು ಕೂರಿಸಬೇಕು. ಹಾಗೆ ಕೂರಿಸಿದ್ದೇ ‘ಮಾದರಿ’. 3 ಆಂಗ್‌ಸ್ಟ್ರಾಮ್ (ಒಂದು ಆಂಗ್‌ಸ್ಟ್ರಾಮ್ ಅಂದರೆ ಮೀಟರಿನ ಸಾವಿರ ಕೋಟಿಯಲ್ಲಿ ಒಂದು ಪಾಲು) ಮಟ್ಟದ ವಿವರವಷ್ಟೇ ಇರುವ ನಕ್ಷೆಯಲ್ಲಿ ಪರಮಾಣುಗಳು ಬಿಡಿಯಾಗಿ ಕಾಣುವುದೇ ಇಲ್ಲ. ಆದರೆ ಪ್ರೋಟೀನಿನ ಅಮೈನೊ ಆಮ್ಲಗಳನ್ನು ಬೆಸೆಯುವ ಪೆಪ್ಟೈಡ್ ಬಂಧದ ಉದ್ದ ಸುಮಾರು 1.33 ಆಂಗ್‌ಸ್ಟ್ರಾಮ್ ಅಂತ ಮೊದಲೇ ಗೊತ್ತಲ್ವಾ? ಅದನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಬಹುದು.

1978ರಲ್ಲಿ ಜ್ಯಾಕ್ ಮತ್ತು ಲೆವಿಟ್, 1980ರಲ್ಲಿ ಕಾನರ್ಟ್ ಮತ್ತು ಹೆಂಡ್ರಿಕ್ಸನ್ ಇದನ್ನೇ ಮಾಡಿದರು. ಅಲ್ಲಿಂದ ಶುರುವಾಯಿತು ಹಗ್ಗಜಗ್ಗಾಟ. ಒಂದು ಕಡೆ ಎಕ್ಸ್-ರೇ ಅಳತೆ, ಇನ್ನೊಂದು ಕಡೆ ಬಂಧಗಳ ಉದ್ದ, ಕೋನ. ಯಾರ ಕೈ ಮೇಲಾಗಬೇಕು ಅಂತ ಹೇಳುವ ಸಂಖ್ಯೆಯೇ ‘ತೂಕ’. ಅಳತೆಗೆ ತೂಕ ಕಡಿಮೆ ಕೊಟ್ಟರೆ ಮಾದರಿ ಚೊಕ್ಕವಾಗಿರುತ್ತದೆ, ಆದರೆ ನಕ್ಷೆಯಿಂದ ಹೊರಗೆ ಜಾರುತ್ತದೆ. ಜಾಸ್ತಿ ಕೊಟ್ಟರೆ ಬಂಧಗಳು ಸೊಟ್ಟಗಾಗಿ, ನಕ್ಷೆಯ ಗದ್ದಲಕ್ಕೂ ಪರಮಾಣುಗಳು ಹೊಂದಿಕೊಂಡುಬಿಡುತ್ತವೆ.

ಆಗ ಇದ್ದ ದೊಡ್ಡ ಮಾನದಂಡ ಆರ್-ಫ್ಯಾಕ್ಟರ್, ಅಂದರೆ ಮಾದರಿಯಿಂದ ಲೆಕ್ಕ ಹಾಕಿದ್ದಕ್ಕೂ ನಿಜವಾದ ಅಳತೆಗೂ ಇರುವ ಅಂತರ. ಅದು ಇಳಿದಷ್ಟೂ ಒಳ್ಳೆಯದು ಅಂತ ನಂಬಿಕೆ. ಆದರೆ ಮಾದರಿ ತಿದ್ದಲು ಬಳಸಿದ ಅಳತೆಗಳಿಂದಲೇ ಅದನ್ನು ಲೆಕ್ಕ ಹಾಕುತ್ತಿದ್ದರು. ಸುಮ್ನೆ ತೂಕ ಏರಿಸಿದರೂ ಅದು ಇಳಿಯುತ್ತಿತ್ತು. ತಪ್ಪು ಮಾದರಿಗಳು ಅಚ್ಚಾಗುತ್ತಿವೆ ಎಂದು 1990ರಲ್ಲಿ ಬ್ರಾಂಡೆನ್ ಮತ್ತು ಜೋನ್ಸ್ ಎಚ್ಚರಿಸಿದರು.

1992ರಲ್ಲಿ ಆಕ್ಸೆಲ್ ಬ್ರೂಂಗರ್ ಕೊಟ್ಟ ಪರಿಹಾರ ತುಂಬ ಸರಳ. ಚುಕ್ಕೆಗಳಲ್ಲಿ ಒಂದು ಪಾಲನ್ನು, ಸಾಮಾನ್ಯವಾಗಿ ಶೇ. 5ರಿಂದ 10ರಷ್ಟನ್ನು, ಪಕ್ಕಕ್ಕಿಡಿ. ಮಾದರಿ ತಿದ್ದುವಾಗ ಅವನ್ನು ಮುಟ್ಟಬೇಡಿ, ಪರೀಕ್ಷೆಗೆ ಮಾತ್ರ ಬಳಸಿ. ಆ ಪಾಲಿನಿಂದ ಮಾತ್ರ ಲೆಕ್ಕ ಹಾಕಿದ ಆರ್-ಫ್ಯಾಕ್ಟರೇ ಆರ್-ಫ್ರೀ. ತೂಕ ಏರಿಸುತ್ತಾ ಹೋದರೆ ಮೊದಮೊದಲು ಎರಡೂ ಇಳಿಯುತ್ತವೆ. ಒಂದು ಹಂತ ದಾಟಿದ ಮೇಲೆ ಆರ್ ಇಳಿಯುತ್ತಲೇ ಇರುತ್ತದೆ, ಆರ್-ಫ್ರೀ ನಿಲ್ಲುತ್ತದೆ ಇಲ್ಲವೇ ಏರುತ್ತದೆ. ಅಲ್ಲಿಂದ ಮುಂದೆ ತೂಕ ಏರಿಸಬಾರದು. ಈ ಕ್ಷೇತ್ರದಲ್ಲಿ ಇಷ್ಟು ಪ್ರಾಮಾಣಿಕ ಉಪಾಯ ಇನ್ನೊಂದಿಲ್ಲ ಅನ್ನಿಸುತ್ತದೆ ನನಗೆ.

ಮಾದರಿ ಸರಿಯೇ ಅಂತ ಹೇಳುವ ಇನ್ನೊಂದು ಸಾಕ್ಷಿ ನಮ್ಮದೇ, ರಾಮಚಂದ್ರನ್ ನಕ್ಷೆ. ಮುಂದೆ ಬೆಂಗಳೂರಿನ ಐಐಎಸ್‌ಸಿಯಲ್ಲಿ ಕೆಲಸ ಮಾಡಿದ ಜಿ. ಎನ್. ರಾಮಚಂದ್ರನ್, 1963ರಲ್ಲಿ ಮದ್ರಾಸಿನಲ್ಲಿದ್ದಾಗ ಸಂಗಡಿಗರ ಜತೆ ಪ್ರಕಟಿಸಿದ ನಕ್ಷೆ ಅದು. ಪ್ರೋಟೀನ್ ಸರಪಳಿ ಯಾವ ಕೋನಗಳಲ್ಲಿ ತಿರುಚಿಕೊಳ್ಳಬಲ್ಲದು ಅಂತ ಅದು ತೋರಿಸುತ್ತದೆ. ಅದರ ಕೋನಗಳನ್ನು ಸಾಮಾನ್ಯವಾಗಿ ತಿದ್ದುವ ಲೆಕ್ಕದಲ್ಲಿ ಸೇರಿಸುವುದಿಲ್ಲ. ಅದಕ್ಕೇ ಅದರ ಮಾತಿಗೆ ಬೆಲೆ. ಎಲೆಕ್ಟ್ರಾನ್ ಸಾಂದ್ರತೆಯ ನಕ್ಷೆ ಮಸುಕಾಗಿದೆ ಅಂತ ರಾಮಚಂದ್ರನ್ ನಕ್ಷೆಯನ್ನೂ ಲೆಕ್ಕಕ್ಕೆ ಸೇರಿಸಿದರೆ, ಆಮೇಲೆ ಅದನ್ನೇ ಸಾಕ್ಷಿಗೆ ಕರೆಯುವಂತಿಲ್ಲ.

ಈಗ ಫೀನಿಕ್ಸ್‌ನಂಥ ತಂತ್ರಾಂಶಗಳು ಹಲವು ತೂಕಗಳನ್ನು ತಾವೇ ಪರೀಕ್ಷಿಸಿ ಒಂದನ್ನು ಆರಿಸಬಲ್ಲವು. ಕೂಟ್ ಎಂಬ ತಂತ್ರಾಂಶದಲ್ಲಿ ಪರಮಾಣುಗಳನ್ನು ಕೈಯಾರೆ ಕೂರಿಸುವವರಿಗೆ 60 ಎಂಬ ತೂಕ ಪರಿಚಿತ. ಅದು ಎಲ್ಲ ನಕ್ಷೆಗೂ ಸರಿಹೋಗುವುದಿಲ್ಲ. ಕ್ರಯೊ-ಇಎಂ (ಹೆಪ್ಪುಗಟ್ಟಿಸಿದ ಅಣುಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡುವ ವಿಧಾನ) ನಕ್ಷೆಗಳ ಅಳತೆಗೋಲೇ ಒಂದೊಂದಕ್ಕೆ ಒಂದೊಂದು ಥರ. ನಕ್ಷೆ ಬದಲಾದಾಗ ತೂಕವನ್ನು ಹೊಸದಾಗಿ ಅಂದಾಜಿಸಿ. ಕೂಟ್ ತೋರಿಸುವ ಬಂಧ, ಕೋನಗಳ ಎಚ್ಚರಿಕೆ ದೀಪ ಕೆಂಪಾದರೆ ತೂಕ ಇಳಿಸಿ ಮತ್ತೆ ನೋಡಿ.