ಐ7 ಹಾಕಿಸಬೇಕಾ, ಐ5 ಸಾಕಾ?

ಪ್ರಶ್ನೆ: ಮಗ ಇಂಜಿನಿಯರಿಂಗ್ ಸೇರಿದ್ದಾನೆ. ಓದಿಗೂ ಆಗುತ್ತೆ, ಗೇಮಿಗೂ ಆಗುತ್ತೆ ಅಂತ ಕಂಪ್ಯೂಟರ್ ಕೇಳ್ತಿದ್ದಾನೆ. ನನ್ನ ಕೈಯಲ್ಲಿ 80 ಸಾವಿರ ಇದೆ, ಮಾನಿಟರ್ ಬೇರೆ ತೆಗೆದುಕೊಡ್ತೀನಿ. ಅಂಗಡಿಯವರು ‘ಐ7 ಹಾಕ್ಸಿ ಸಾರ್, ಐದು ವರ್ಷ ತಿರುಗಿ ನೋಡೋ ಹಾಗಿಲ್ಲ’ ಅಂತಾರೆ. ಮಗ ‘ಐ5 ಸಾಕು, ಉಳಿದ ದುಡ್ಡು ಗ್ರಾಫಿಕ್ಸ್ ಕಾರ್ಡಿಗೆ ಹಾಕಿ’ ಅಂತಾನೆ. ಯಾರ ಮಾತು ಕೇಳಲಿ?

ಉತ್ತರ: ಮಗನ ಮಾತು ಕೇಳಿ. ಐ5, ಐ7 ಎರಡೂ ಇಂಟೆಲ್ ಕಂಪನಿಯ ಪ್ರೊಸೆಸರುಗಳ ಹೆಸರು, ಐ7 ಮೇಲಿನ ದರ್ಜೆಯದು. ಅಂಗಡಿಯವರು ಸುಳ್ಳು ಹೇಳುತ್ತಿದ್ದಾರೆ ಅಂತಲ್ಲ. ಬರುವ ಗಿರಾಕಿಗಳಲ್ಲಿ ಮುಕ್ಕಾಲು ಪಾಲು ಮಂದಿಗೆ ಗೊತ್ತಿರುವ ಒಂದೇ ಪದ ‘ಐ7’ ಆದಾಗ ಅದನ್ನೇ ಮಾರುವುದು ಸುಲಭ. ಆದರೆ ನಿಮ್ಮ ಮಗನ ಲಿಸ್ಟಿನಲ್ಲೂ ಒಂದು ಸಾಲು ಎಡವಟ್ಟಾಗಿರುತ್ತದೆ ಎಂದು ನೋಡದೆಯೇ ಹೇಳಬಲ್ಲೆ. ಅದಕ್ಕೆ ಆಮೇಲೆ ಬರುತ್ತೇನೆ.

ಬೆಳಿಗ್ಗೆ ಎಂಟೂವರೆಗೆ ಯಾವುದಾದರೂ ದರ್ಶಿನಿಯಲ್ಲಿ ನಿಂತು ನೋಡಿ. ಕೌಂಟರಿನಲ್ಲಿ ಕೂತವನು ದುಡ್ಡು ತೆಗೆದುಕೊಂಡು ಟೋಕನ್ ಹರಿದು ಕೊಡುತ್ತಾನೆ, ಒಳಗೆ ಕಾವಲಿ ಮುಂದೆ ನಿಂತವರು ದೋಸೆ ಹುಯ್ಯುತ್ತಾರೆ. ಗೇಮಿನಲ್ಲಿ ಟೋಕನ್ ಕೊಡುವ ಕೆಲಸ ಪ್ರೊಸೆಸರ್‌ದು: ಯಾರು ಎಲ್ಲಿ ನಿಂತಿದ್ದಾರೆ, ಗುಂಡು ಯಾರಿಗೆ ತಗುಲಿತು, ಬಾಗಿಲು ತೆರೆಯಿತೋ ಇಲ್ಲವೋ ಎಂಬ ಲೆಕ್ಕ. ಆ ಲೆಕ್ಕ ಹಿಡಿದು ಚಿತ್ರವನ್ನು ಚುಕ್ಕಿ ಚುಕ್ಕಿಯಾಗಿ ಬಿಡಿಸುವುದು ಗ್ರಾಫಿಕ್ಸ್ ಕಾರ್ಡ್. ಕಾವಲಿ ಚಿಕ್ಕದಿದ್ದರೆ ಕೌಂಟರಿನಲ್ಲಿ ಎಷ್ಟೇ ಚುರುಕಿನವನನ್ನು ಕೂರಿಸಿದರೂ ದೋಸೆ ಬೇಗ ಬರುವುದಿಲ್ಲ, ಟೋಕನ್ ಹಿಡಿದು ಕಾಯುವವರ ಸಾಲು ಉದ್ದವಾಗುತ್ತದೆ ಅಷ್ಟೆ.

ಕಾವಲಿಯ ಮೇಲಿನ ಭಾರ ಎಷ್ಟೆಂದು ತೀರ್ಮಾನಿಸುವುದು ಮಾನಿಟರ್. ಫುಲ್ ಎಚ್‌ಡಿ ಪರದೆ ಎಂದರೆ 1920 × 1080, ಅಂದರೆ ಸುಮಾರು 20.7 ಲಕ್ಷ ಚುಕ್ಕಿ. ಅದರ ಮೇಲಿನದು 2560 × 1440, ಸುಮಾರು 36.9 ಲಕ್ಷ. ಸೆಕೆಂಡಿಗೆ 60 ಫ್ರೇಮ್, ಅಂದರೆ 60 ಚಿತ್ರ, ಬೇಕಾದರೆ ಇಷ್ಟೂ ಚುಕ್ಕಿಗೆ ಬಣ್ಣ ತುಂಬಲು 16.7 ಮಿಲಿಸೆಕೆಂಡ್ ಸಿಗುತ್ತದೆ. 144 ಬೇಕಾದರೆ 7 ಮಿಲಿಸೆಕೆಂಡಿಗೂ ಕಡಿಮೆ. ಚುಕ್ಕಿ ಹೆಚ್ಚಿಸಿದರೆ ಪ್ರೊಸೆಸರಿನ ಲೆಕ್ಕ ಹೆಚ್ಚುಕಮ್ಮಿ ಇದ್ದಷ್ಟೇ ಇರುತ್ತದೆ, ಬೆವರು ಸುರಿಸುವುದು ಕಾರ್ಡು. ಹಾಗಾಗಿ ಮಾನಿಟರ್ ಬೇರೆ ತೆಗೆದುಕೊಡುವುದಾದರೂ ಯಾವುದೆಂದು ಮೊದಲೇ ನಿಶ್ಚಯಿಸಿ. ನಿಮ್ಮ ಬಜೆಟ್ಟಿಗೆ ಫುಲ್ ಎಚ್‌ಡಿ, 144 ಹರ್ಟ್ಸ್ (ಸೆಕೆಂಡಿಗೆ 144 ಚಿತ್ರ ತೋರಿಸುವಂಥದ್ದು) ಅಥವಾ ಅದಕ್ಕೂ ಹೆಚ್ಚು ಹರ್ಟ್ಸಿನದು ಒಪ್ಪುತ್ತದೆ.

ವ್ಯಾಲರಂಟ್, ಕೌಂಟರ್-ಸ್ಟ್ರೈಕ್ 2 ಥರದ ಆಟಗಳದ್ದು ಬೇರೆ ಕಥೆ. ಅವುಗಳಲ್ಲಿ ಹುಡುಗರು ಸೆಟ್ಟಿಂಗ್ ಎಲ್ಲ ಕೆಳಗಿಳಿಸಿ ಸೆಕೆಂಡಿಗೆ ಇನ್ನೂರು, ಮುನ್ನೂರು ಫ್ರೇಮ್ ಎಳೆಯುತ್ತಾರೆ. ಆಗ ಸುಸ್ತಾಗುವುದು ಟೋಕನ್ ಕೊಡುವವನೇ. ನಿಮ್ಮ ಮಗ ಆಡುವ ಆಟ ಯಾವ ಜಾತಿಯದು ಎಂದು ತಿಳಿಯಲು ಗೆಳೆಯನ ಕಂಪ್ಯೂಟರಿನಲ್ಲಿ ಒಮ್ಮೆ ರೆಸಲ್ಯೂಶನ್, ಅಂದರೆ ಚುಕ್ಕಿಗಳ ಸಂಖ್ಯೆ, ಇಳಿಸಿ ನೋಡಲಿ. ಫ್ರೇಮ್ ಏರಿದರೆ ಅಲ್ಲಿ ತಡೆಯಾಗಿದ್ದುದು ಕಾರ್ಡು, ಏರದಿದ್ದರೆ ಪ್ರೊಸೆಸರ್. ಅಂಥ ಆಟಗಳಿಗೂ ಈಚಿನ ಆರು ಕೋರಿನ (ಒಳಗೆ ಲೆಕ್ಕ ಮಾಡುವ ಆರು ಘಟಕಗಳಿರುವ) ಪ್ರೊಸೆಸರ್ ಧಾರಾಳವಾಗಿ ಸಾಕು.

‘ಈಚಿನ’ ಅನ್ನುವ ಪದಕ್ಕೆ ಗೆರೆ ಎಳೆದುಕೊಳ್ಳಿ. ಬರೀ ‘ಐ7’ ಅಂದರೆ ಏನೂ ಹೇಳಿದಂತಾಗಲಿಲ್ಲ. 2013ರ ಐ7 4770 ಕೂಡ ಐ7ನೇ. ನಾಲ್ಕು ಕೋರು, ವಿಂಡೋಸ್ 11 ಒಪ್ಪುವ ಪ್ರೊಸೆಸರುಗಳ ಪಟ್ಟಿಯಲ್ಲೇ ಇಲ್ಲ. 2022ರ ಐ5 12400ಕ್ಕೆ ಆರು ಕೋರು, ಆಟದಲ್ಲಿ ಅದರ ಮುಂದೆ ಆ ಹಳೆಯದು ನಿಲ್ಲುವುದಿಲ್ಲ. ರಿಫರ್ಬಿಶ್ಡ್, ಅಂದರೆ ಹಳೆಯದನ್ನು ಸರಿಮಾಡಿ ಮಾರುವ ಮಾಲಿನಲ್ಲಿ ಈ ಹೆಸರಿನ ಆಟ ಜೋರು. ಹೆಸರಿನ ಮುಂದಿರುವ ಅಂಕಿಯ ಮೊದಲ ಒಂದೆರಡು ಅಂಕೆ ತಲೆಮಾರು ಹೇಳುತ್ತದೆ: 4770 ನಾಲ್ಕನೆಯದು, 12400 ಹನ್ನೆರಡನೆಯದು. ಕೊನೆಗೆ ‘ಎಫ್’ ಇದ್ದರೆ ಪ್ರೊಸೆಸರಿನೊಳಗೆ ಗ್ರಾಫಿಕ್ಸ್ ಇಲ್ಲ ಎಂದರ್ಥ. ಕಾರ್ಡ್ ಹಾಕಿಸುವವರಿಗೆ ಅದರಿಂದ ತೊಂದರೆ ಇಲ್ಲ, ಸ್ವಲ್ಪ ದುಡ್ಡೂ ಉಳಿಯುತ್ತದೆ.

ಐದು ವರ್ಷ ತಿರುಗಿ ನೋಡಬಾರದು ಅಂದರೆ ನಾನಾದರೆ ಇಂಟೆಲ್ ಬಿಟ್ಟು ಅದರ ಎದುರಾಳಿ ಕಂಪನಿ ಎಎಂಡಿ ಕಡೆ ವಾಲುತ್ತೇನೆ. ಅವರ ರೈಜೆನ್ 5 7600 ಪ್ರೊಸೆಸರ್ ಮದರ್‌ಬೋರ್ಡಿನಲ್ಲಿ ಕೂರುವ ಜಾಗ, ಎಎಂ5 ಸಾಕೆಟ್, 2022ರಲ್ಲಿ ಬಂದದ್ದು, 2027ರವರೆಗಾದರೂ ಅದನ್ನು ಮುಂದುವರಿಸುವುದಾಗಿ ಕಂಪನಿಯೇ ಹೇಳಿದೆ. ಇದಕ್ಕೆ ಮೊದಲಿನ ಎಎಂ4ರಲ್ಲಿ 2017ರ ಎಷ್ಟೋ ಬೋರ್ಡುಗಳು ಬಯಾಸ್ (ಬೋರ್ಡಿನೊಳಗಿನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿಸಿಕೊಂಡು 2022ರ ಪ್ರೊಸೆಸರನ್ನೂ ಓಡಿಸಿದವು. ಇಂದು ಐ7ಗೆ ಹೆಚ್ಚುವರಿಯಾಗಿ ಸುರಿಯುವ ದುಡ್ಡನ್ನು ನಾಲ್ಕು ವರ್ಷದ ನಂತರ ಹೊಸ ಪ್ರೊಸೆಸರಿಗೆ ಹಾಕಿದರೆ ಬೋರ್ಡು ಬದಲಿಸುವ ಕೆಲಸವೇ ಬೀಳದಿರಬಹುದು.

ಕಾರ್ಡಿಗೆ 80ರಲ್ಲಿ 30ರ ಆಸುಪಾಸು ಎತ್ತಿಡಿ, ಪ್ರೊಸೆಸರಿಗೆ ಅದರ ಅರ್ಧ. ಆ ದುಡ್ಡಿಗೆ ಎನ್‌ವಿಡಿಯಾದ ಆರ್‌ಟಿಎಕ್ಸ್ 5060 ಅಥವಾ ಎಎಂಡಿಯ ಆರ್‌ಎಕ್ಸ್ 9060 ಎಕ್ಸ್‌ಟಿ ಹತ್ತಿರ ಬರುತ್ತೀರಿ. ಇಲ್ಲೊಂದು ಬಲೆ ಇದೆ. 9060 ಎಕ್ಸ್‌ಟಿ 8 ಜಿಬಿ ಮೆಮೊರಿಯಲ್ಲೂ ಬರುತ್ತದೆ, 16 ಜಿಬಿಯಲ್ಲೂ ಬರುತ್ತದೆ, ಹೆಸರು ಒಂದೇ. 5060 ಟಿಐ ಕಥೆಯೂ ಹಾಗೇ. ಕೊಟೇಶನ್ನಿನಲ್ಲಿ ಬರೀ ಹೆಸರು ಬರೆದಿದ್ದರೆ ಎಷ್ಟು ಜಿಬಿ ಎಂದು ಪಕ್ಕದಲ್ಲಿ ಬರೆಸಿಕೊಳ್ಳಿ. ಹೊಸ ದೊಡ್ಡ ಆಟಗಳಿಗೆ 8 ಜಿಬಿ ಈಗಲೇ ಬಿಗಿಯಾಗುತ್ತಿದೆ, ಫುಲ್ ಎಚ್‌ಡಿಯಲ್ಲಿ ಸೆಟ್ಟಿಂಗ್ ಒಂದು ಮೆಟ್ಟಿಲು ಇಳಿಸಿ ಆಡಬೇಕಾಗುತ್ತದೆ. ಇನ್ನೊಂದು ಮಾತು: ಮಗ ಕಂಪ್ಯೂಟರ್ ಸೈನ್ಸ್ ಆಗಿದ್ದು ಮಷೀನ್ ಲರ್ನಿಂಗ್ ಕಡೆ ಒಲವಿದ್ದರೆ ಎನ್‌ವಿಡಿಯಾ ತೆಗೆದುಕೊಳ್ಳಲಿ. ಆ ಕೆಲಸಕ್ಕೆ ಬಳಸುವ ‘ಕೂಡಾ’ (CUDA) ಎಂಬ ಸಾಫ್ಟ್‌ವೇರ್ ಆ ಕಂಪನಿಯ ಕಾರ್ಡಿನಲ್ಲಿ ಮಾತ್ರ ಓಡುತ್ತದೆ.

ಈಗ ಎಡವಟ್ಟಿನ ಸಾಲು, ಗೋಡೆಯ ಕರೆಂಟನ್ನು ಕಂಪ್ಯೂಟರಿನ ಭಾಗಗಳಿಗೆ ತಕ್ಕಂತೆ ಬದಲಿಸಿ ಕೊಡುವ ಡಬ್ಬಿ: ಎಸ್‌ಎಂಪಿಎಸ್. ಹುಡುಗರ ಲಿಸ್ಟಿನಲ್ಲಿ ಕಾರ್ಡಿನ ಮಾಡೆಲ್, ಫ್ಯಾನಿನ ಬಣ್ಣ ಎಲ್ಲ ಇರುತ್ತದೆ, ಇದರ ಮುಂದೆ ಮಾತ್ರ ‘600 ವ್ಯಾಟ್’ ಅಂತ ಬರೆದು ಕೈ ತೊಳೆದುಕೊಂಡಿರುತ್ತಾರೆ. ನಾನೂ ಹಾಗೇ ಮಾಡಿದವನು. ಮೊದಲ ಸಲ ಅಸೆಂಬಲ್ ಮಾಡಿಸಿದಾಗ ಕ್ಯಾಬಿನೆಟ್ಟಿನ ಜೊತೆ ಎಸ್‌ಎಂಪಿಎಸ್ ಫ್ರೀ ಅಂದರು, ಉಳಿತಾಯವಾಯಿತೆಂದು ಹಿಗ್ಗಿದೆ. ಎಂಟನೇ ತಿಂಗಳಿಗೆ, ಮೇ ತಿಂಗಳ ಒಂದು ಸಂಜೆ ಆಟದ ನಡುವೆ ‘ಪಟ್’ ಅಂದಿತು. ಸುಟ್ಟ ಮೀನಿನಂಥ ವಾಸನೆ. ಹೋಗುವಾಗ ಅದೊಂದೇ ಹೋಗಲಿಲ್ಲ, ಮದರ್‌ಬೋರ್ಡನ್ನೂ ಕರೆದುಕೊಂಡು ಹೋಯಿತು.

ಆಮೇಲೆ ಆ ಡಬ್ಬಿಯ ಮೈಮೇಲಿನ ಸ್ಟಿಕರ್ ಓದಿದೆ. ದಪ್ಪಕ್ಷರದಲ್ಲಿ 500 ಅಂತಿತ್ತು. ಕೆಳಗೆ ಚಿಕ್ಕ ಕೋಷ್ಟಕದಲ್ಲಿ 12 ವೋಲ್ಟಿನ ಕೆಳಗೆ 18 ಆಂಪಿಯರ್. ಗುಣಿಸಿ: 216 ವ್ಯಾಟ್. ಕಾರ್ಡು, ಪ್ರೊಸೆಸರ್ ಎರಡೂ ಉಣ್ಣುವುದು ಮುಖ್ಯವಾಗಿ ಆ 12 ವೋಲ್ಟಿನಿಂದಲೇ. ಒಳ್ಳೆಯ ಎಸ್‌ಎಂಪಿಎಸ್‌ನಲ್ಲಿ ಆ ಗುಣಾಕಾರ ಮಾಡಿದರೆ ಹೆಸರಿಗಿರುವ ವ್ಯಾಟಿನ ಹತ್ತಿರಕ್ಕೇ ಬರುತ್ತದೆ. 5060ಕ್ಕೆ 145 ವ್ಯಾಟ್ ಸಾಕು, ಒಟ್ಟು ಕಂಪ್ಯೂಟರಿಗೆ 550ರ ಎಸ್‌ಎಂಪಿಎಸ್ ಇರಲಿ ಎಂದು ಎನ್‌ವಿಡಿಯಾ ಹೇಳುತ್ತದೆ. ಅಸಲಿ 550, ಐದು ವರ್ಷ ವಾರಂಟಿ ಇರುವಂಥದ್ದು ತೆಗೆದುಕೊಳ್ಳಿ. ‘80 ಪ್ಲಸ್’ ಮುದ್ರೆ ನೋಡಿ ಮಾರುಹೋಗಬೇಡಿ: ಗೋಡೆಯಿಂದ ಎಳೆದ ಕರೆಂಟಿನಲ್ಲಿ ಎಷ್ಟು ಪೋಲಾಗದೆ ಒಳಗೆ ತಲುಪುತ್ತದೆ ಎಂಬುದನ್ನಷ್ಟೇ ಅದು ಹೇಳುವುದು, ಬಾಳಿಕೆಯನ್ನಲ್ಲ.

ರ‍್ಯಾಮ್ ಬೆಲೆ ಸದ್ಯ ತಲೆನೋವು. ಎಐ ಡೇಟಾ ಸೆಂಟರುಗಳ ಹಸಿವಿನಿಂದ 2025ರ ಕೊನೆಯಲ್ಲಿ ಏರತೊಡಗಿದ್ದು ಬಜೆಟ್ಟುಗಳನ್ನೇ ತಲೆಕೆಳಗು ಮಾಡಿತು, ಹಾಗಾಗಿ ನಿಮ್ಮ ಲೆಕ್ಕವನ್ನು ರ‍್ಯಾಮಿನ ಆ ದಿನದ ರೇಟು ಕೇಳಿಯೇ ಶುರುಮಾಡಿ. 16 ಜಿಬಿ ಸಾಕು, 8ರ ಎರಡು ಸ್ಟಿಕ್ಕಾಗಿ. ಫೈಲು, ಗೇಮು ಇಡುವ ಎಸ್‌ಎಸ್‌ಡಿ 1 ಟಿಬಿ, ಎನ್‌ವಿಎಂಇ ಎಂಬ ವೇಗದ ಬಗೆಯದು. ಗಾಳಿಯಾಡಲು ಕ್ಯಾಬಿನೆಟ್ ಮುಂಭಾಗ ಜಾಲರಿಯದಾಗಿರಲಿ, ಗಾಜಿನದು ಬೇಡ; ನಿಮ್ಮದು ರಾಯಚೂರು, ಬಳ್ಳಾರಿ ಕಡೆಯಾದರೆ ಇದರಲ್ಲಿ ರಾಜಿಯೇ ಬೇಡ.

ಬೆಂಗಳೂರಿನ ಎಸ್‌ಪಿ ರೋಡಿಗೆ ಹೋದರೂ ಸರಿ, ನಿಮ್ಮೂರಿನ ಅಂಗಡಿಯಾದರೂ ಸರಿ, ಕೊಟೇಶನ್ನಿನಲ್ಲಿ ಪ್ರತಿ ಸಾಲಿಗೂ ಕಂಪನಿ ಮತ್ತು ಪೂರ್ತಿ ಮಾಡೆಲ್ ನಂಬರ್ ಬರೆಸಿ. ‘ಬಿಲ್ ಬೇಡ ಅಂದ್ರೆ ಜಿಎಸ್‌ಟಿ ಉಳಿಯುತ್ತೆ ಸಾರ್’ ಅಂದರೆ ನಕ್ಕು ಸುಮ್ಮನಾಗಿ. ಆ 18 ಪರ್ಸೆಂಟು ಉಳಿಸಿದವರು ಕಾರ್ಡು ಕೆಟ್ಟ ದಿನ ಸರ್ವಿಸ್ ಸೆಂಟರಿನಲ್ಲಿ ತೋರಿಸಲು ಕಾಗದವಿಲ್ಲದೆ ನಿಲ್ಲುತ್ತಾರೆ.

ಮನೆಗೆ ತಂದ ಮೇಲೆ ಕ್ಯಾಬಿನೆಟ್ಟಿನ ಲೋಹ ಮುಟ್ಟಿದಾಗ ಕೈ ಜುಮ್ ಎಂದರೆ ಕಂಪ್ಯೂಟರ್ ಕೆಟ್ಟಿದೆ ಎಂದು ಓಡಬೇಡಿ. ಸಾಮಾನ್ಯವಾಗಿ ಆ ಸಾಕೆಟ್ಟಿಗೆ ಅರ್ಥಿಂಗ್ ಇರುವುದಿಲ್ಲ, ಎಲೆಕ್ಟ್ರಿಷಿಯನ್ ಕರೆಸಿ. ಆಟ ಕುಂಟಿದರೆ ಮೊದಲು ಹಿಂದುಗಡೆ ಬಗ್ಗಿ ನೋಡಿ. ಮಾನಿಟರಿನ ಕೇಬಲ್ಲು ಮೇಲುಗಡೆ ಯುಎಸ್‌ಬಿ ಕಿಂಡಿಗಳ ಪಕ್ಕಕ್ಕೆ ಹೋಗಿದ್ದರೆ ಅದು ಮದರ್‌ಬೋರ್ಡಿನದು, ನೀವು ದುಡ್ಡು ಕೊಟ್ಟ ಕಾರ್ಡು ಸುಮ್ಮನೆ ಕೂತಿರುತ್ತದೆ. ಕಿತ್ತು, ಕೆಳಗೆ ಅಡ್ಡಲಾಗಿ ಸಾಲಾಗಿರುವ ಕಿಂಡಿಗಳಲ್ಲಿ ಒಂದಕ್ಕೆ ಚುಚ್ಚಿ. ಆಮೇಲೆ ವಿಂಡೋಸಿನ ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ 60 ಹರ್ಟ್ಸ್ ಅಂತಿದ್ದರೆ ಅದನ್ನು 144ಕ್ಕೆ ಬದಲಿಸಿ.